ಗೇಮ್ ಮಾಡೋರ ಸಂಘದಲ್ಲಿ ಸಾಲ ಕೊಡ್ತ್ರಾ?

ಶಿರಸಿ ಬಿಡ್ಕಿಬೈಲಿನ ಚಾ ಅಂಗಡಿ, ಅಡಿಕೆ ರೇಟಿನ ಮಾತು ಮುಗಿದಿತ್ತು, ಬೆಂಗ್ಳೂರಿಂದ ಬಂದಿದ್ದ ವಿನಾಯಕ "ಐಜಿಡಿಎ ಮೆಂಬರ್ ಆಗೋಣ ಅಂತಿದೀನಿ, ಗೇಮ್ ಡೆವಲಪರ್‌ಗಳ ಅಂತಾರಾಷ್ಟ್ರೀಯ ಸಂಘ" ಅಂದ.

"ಸಾಲ ಕೊಡ್ತ್ರಾ?" ಮಾಬ್ಲಣ್ಣ ಕೇಳ್ದ. ಅವನಿಗೆ ಸಂಘ ಅಂದ್ರೆ ಸೊಸೈಟಿ, ಬೆಳೆಸಾಲ, ಡಿವಿಡೆಂಡು, ಅಷ್ಟೇ.

"ಇಲ್ಲ ಮಾರಾಯಾ. ಗೇಮಲ್ಲಿ ಹೊಡೆದಾಟ ಜಾಸ್ತಿ ಆಯ್ತು ಅಂತ 1993ರಲ್ಲಿ ಅಮೆರಿಕದ ಸೆನೆಟ್ಟಲ್ಲಿ ವಿಚಾರಣೆ ನಡೀತು, ಮರುವರ್ಷ ಕಂಪನಿಗಳು ತಮ್ಮದೊಂದು ಸಂಘ ಕಟ್ಕೊಂಡ್ವು. ಕೂತು ಕೋಡ್ ಬರೆಯೋನಿಗೆ, ಚಿತ್ರ ಬಿಡಿಸೋನಿಗೆ? ಅದೇ 1994ರಲ್ಲಿ ಅರ್ನೆಸ್ಟ್ ಆಡಮ್ಸ್ ಅನ್ನೋ ಡಿಸೈನರ್ ಇದನ್ನ ಶುರು ಮಾಡ್ದ, ಆಗ ಹೆಸರು ಕಂಪ್ಯೂಟರ್ ಗೇಮ್ ಡೆವಲಪರ್ಸ್ ಅಸೋಸಿಯೇಷನ್ ಅಂತಿತ್ತು."

"ಹಂಗಾರೆ ಯೂನಿಯನ್ನು. ಸ್ಟ್ರೈಕ್ ಎಷ್ಟು ಮಾಡಿದಾರೆ?" ಸುಬ್ರಾಯ ಬಸ್ ಕಂಡಕ್ಟರ್ ಆಗಿ ರಿಟೈರ್ ಆದೋನು, ಸ್ಟ್ರೈಕ್ ಅಂದ್ರೆ ಇವತ್ತಿಗೂ ಕಣ್ಣು ಮಿನುಗ್ತದೆ.

"ಯೂನಿಯನ್ ಅಲ್ಲ."

"ಸಾಲನೂ ಇಲ್ಲೆ, ಸ್ಟ್ರೈಕೂ ಇಲ್ಲೆ, ಮತ್ತೆಂತಕ್ಕೆ ಅದು?" ಮಾಬ್ಲಣ್ಣ ಬಿಡೋನಲ್ಲ.

ವಿನಾಯಕ ಚಾ ಕೆಳಗಿಟ್ಟ. 2004ರಲ್ಲಿ ಸಂಘ ಕೆಲಸದ ಹೊತ್ತಿನ ಬಗ್ಗೆ ವರದಿ ತಂತಂತೆ, ಗೇಮ್ ರಿಲೀಸ್ ಹತ್ರ ಬಂದ್ರೆ ತಿಂಗಳುಗಟ್ಲೆ ರಾತ್ರಿ ಹಗಲು ದುಡಿಸೋದು, ಅದಕ್ಕೆ ಕ್ರಂಚ್ ಅಂತ ಹೆಸರು, ಹಿಂಗಾದ್ರೆ ಜನ ಈ ಫೀಲ್ಡೇ ಬಿಟ್ಟು ಹೋಗ್ತಾರೆ ಅಂತ. ಅದೇ ವರ್ಷ ನವೆಂಬರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಅನ್ನೋ ಗೇಮ್ ಕಂಪನಿಯ ನೌಕರನೊಬ್ಬನನ್ನ ಮದುವೆ ಆಗ್ಬೇಕಿದ್ದೋಳು ಹೆಸರು ಹಾಕ್ದೆ ಒಂದು ಪತ್ರ ಬರೆದ್ಲು, ವಾರಕ್ಕೆ 85 ತಾಸಿನ ಕೆಲಸ, ಓವರ್‌ಟೈಮ್ ದುಡ್ಡಿಲ್ಲ ಅಂತ. ದೊಡ್ಡ ಗಲಾಟೆ. ಕೋರ್ಟಿಗೆ ಹೋದ ಆರ್ಟಿಸ್ಟುಗಳಿಗೆ ಕಂಪನಿ 1.56 ಕೋಟಿ ಡಾಲರ್ ಕೊಟ್ಟು ರಾಜಿ ಮಾಡ್ಕೊಳ್ತು.

"ಕೊಡಿಸಿದ್ದು ಸಂಘ ಅಲ್ದಲಾ, ಕೋರ್ಟು," ಅಂದ ಮಾಬ್ಲಣ್ಣ. ಪಾಯಿಂಟು ಸರಿನೇ ಬಿಡಿ.

"ನಿದ್ದೆಗೆಡಬೇಡಿ ಅಂತ ಹೇಳಿದ್ದಾದ್ರೂ ಸಂಘ ಅಲ್ವಾ?"

"ಹೇಳಿದ್ಮೇಲೆ ಎಂತ ಮಾಡ್ತು?"

ವಿನಾಯಕ ಸ್ವಲ್ಪ ಸಣ್ಣ ದನಿಲಿ, "2009ರಲ್ಲಿ ಗ್ಲೋಬಲ್ ಗೇಮ್ ಜಾಮ್ ಶುರು ಮಾಡ್ತು, 48 ತಾಸಲ್ಲಿ ಒಂದು ಗೇಮ್ ಮಾಡಿ ಮುಗಿಸೋದು."

ಮಾಬ್ಲಣ್ಣ ನಕ್ಕ ರಭಸಕ್ಕೆ ಬಾಯಲ್ಲಿದ್ದ ಕವಳ ಸುಬ್ರಾಯನ ಅಂಗಿ ಮೇಲೆ. ಸುಬ್ರಾಯಂಗೆ ಅದರ ಕಡೆ ಗ್ಯಾನನೇ ಇಲ್ಲ, "ಯೂನಿಯನ್ ಮಾತೇ ಬರ್ಲಿಲ್ವಾ?" ಅಂತ ಅದೇ ರಾಗ.

"ಬಂತು, 2018ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಮ್ಮೇಳನದಲ್ಲಿ ಯೂನಿಯನ್ ಬೇಕಾ ಬೇಡ್ವಾ ಅಂತ ಇದೇ ಸಂಘ ಚರ್ಚೆ ಇಡ್ತು, ಆಗ್ಲೇ ಯೂನಿಯನ್ ಬೇಕೇ ಬೇಕು ಅನ್ನೋರದ್ದು ಗೇಮ್ ವರ್ಕರ್ಸ್ ಯುನೈಟ್ ಅಂತ ಬೇರೆ ಗುಂಪೇ ಎದ್ದು ಬಂತು."

"ಹಾಂ! ಅದಕ್ಕೆ ಮೆಂಬರ್ ಆಗೋ!"

"ಇದರ ಫೀ ಎಷ್ಟಡಾ?" ಮಾಬ್ಲಣ್ಣ.

"ಡಾಲರಲ್ಲಿ ಕಟ್ಬೇಕು."

"ಡಾಲರಾ! ತಮಾ, ಇವನ ಹತ್ರ ಡಾಲರ್ ಇದ್ದಡಾ, ಮೂರೂ ಚಾದ ದುಡ್ಡು ಇವನ ಹತ್ರನೇ ತಗ, ನಂಗೊಂದು ಪ್ಲೇಟ್ ಬಜೆ ಕೊಡು."