ಸಮಾಜಶಾಸ್ತ್ರಕ್ಕೆ ಇಬ್ನ್ ಖಲ್ದೂನನೇ ಮೊದಲಿಗ ಅಲ್ವಾ?

ಹಳೇಪುಟ:
ಸಮಾಜಶಾಸ್ತ್ರ 19ನೇ ಶತಮಾನದ ಯುರೋಪಿನಲ್ಲಿ ಹುಟ್ಟಿತು ಅಂತ ಇವತ್ತಿಗೂ ಪಾಠ ಮಾಡುತ್ತಾರೆ. ಉತ್ತರ ಆಫ್ರಿಕಾದ ಟ್ಯೂನಿಸ್‌ನಲ್ಲಿ ಹುಟ್ಟಿದ ಇಬ್ನ್ ಖಲ್ದೂನ್ 1377ರಲ್ಲೇ ‘ಮುಕದ್ದಿಮಾ’ ಅನ್ನೋ ಪುಸ್ತಕ ಬರೆದಿದ್ದ. ಕುಲದ ಒಗ್ಗಟ್ಟು ರಾಜ್ಯ ಕಟ್ಟುತ್ತದೆ, ಪಟ್ಟಣದ ಸುಖಕ್ಕೆ ಬಿದ್ದ ಮೇಲೆ ಅದು ಸಡಿಲವಾಗಿ ಮೂರು ತಲೆಮಾರಿಗೆ, ಅಂದರೆ ಸುಮಾರು 120 ವರ್ಷಕ್ಕೆ ವಂಶ ಮುಗಿಯುತ್ತದೆ ಅಂದ. ಇದು ಸಮಾಜಶಾಸ್ತ್ರ ಅಲ್ಲದೆ ಮತ್ತೇನು?

ಕಡಲಂಚು:
120 ವರ್ಷವಾ? ಇಸ್ಲಾಮಿ ಸಾಮ್ರಾಜ್ಯದ ಅಬ್ಬಾಸಿ ಖಲೀಫರ ವಂಶ 750ರಿಂದ 1258ರವರೆಗೆ ಇತ್ತು. ಅದೂ ಅಲ್ಲದೆ ಖಲ್ದೂನ್ ಆಶ್ರಯ ಕೊಡುವ ಸುಲ್ತಾನರನ್ನು ಬದಲಾಯಿಸುತ್ತಲೇ ಬದುಕಿದವನು. 1401ರಲ್ಲಿ ಮಧ್ಯ ಏಷ್ಯಾದ ದಂಡನಾಯಕ ತೈಮೂರ್ ಡಮಾಸ್ಕಸ್ ಮುತ್ತಿದಾಗ ಹಗ್ಗ ಕಟ್ಟಿಸಿಕೊಂಡು ಗೋಡೆ ಇಳಿದು ಅವನ ಡೇರೆಗೇ ಹೋದ. ಇಂಥವನ ಮಾತು ಎಷ್ಟು ನಂಬಬೇಕು?

ಹಳೇಪುಟ:
‘ಎಷ್ಟು ನಂಬಬೇಕು’ ಅಂತ ಇತಿಹಾಸಕಾರರನ್ನು ಕೇಳಿದ್ದೇ ಖಲ್ದೂನ್! ಮೋಸೆಯ ಸೈನ್ಯದಲ್ಲಿ 6 ಲಕ್ಷ ಜನ ಇದ್ದರು ಅಂತ ಹಿಂದಿನ ಇತಿಹಾಸಕಾರ ಮಸೂದಿ ಬರೆದಿದ್ದ. ಒಂದು ತುದಿಯವರಿಗೆ ಇನ್ನೊಂದು ತುದಿಯಲ್ಲಿ ಏನಾಗುತ್ತಿದೆ ಅಂತ ಗೊತ್ತಾಗದಷ್ಟು ದೊಡ್ಡ ಸೈನ್ಯ ಯುದ್ಧ ಮಾಡುವುದು ಹೇಗೆ ಅಂತ ಕೇಳಿದ.

ಬಯಲುಸೀಮೆ:
ಹಗ್ಗದ ವಿಷಯ ಯಾಕೆ ಬಿಟ್ರಿ? ತೈಮೂರ್ ಕೇಳಿದ ಅಂತ ಟ್ಯೂನಿಸ್ ಇರುವ ಮಗ್ರಿಬ್ ನಾಡಿನ ವಿವರ ಪೂರ್ತಿ ಬರೆದುಕೊಟ್ಟ. ದಂಡೆತ್ತಿ ಬಂದವನಿಗೆ ಹುಟ್ಟಿದ ನಾಡಿನ ದಾರಿ ತೋರಿಸಿದ ಹಾಗಾಯ್ತು.

ಮಲ್ಲಿಗೆತೋಟ:
ಯಾವ ದಾರಿ? ತೈಮೂರ್ ಮಗ್ರಿಬ್ ಕಡೆ ತಲೆಯೇ ಹಾಕಲಿಲ್ಲ. ತೈಮೂರ್ ಎಂಥವನು ಅಂತ ಮಗ್ರಿಬ್ ಸುಲ್ತಾನನಿಗೂ ಖಲ್ದೂನ್ ಪತ್ರ ಬರೆದ, ಅದನ್ನು ಯಾಕೆ ಹೇಳಲ್ಲ?

ಬಯಲುಸೀಮೆ:
ಎರಡೂ ಕಡೆಗೆ ಬರೆದ ಅಂತ ನೀವೇ ಒಪ್ಪಿದ್ರಿ. ಡಮಾಸ್ಕಸ್ ಸುಟ್ಟುಹೋಯಿತು, ಉಮಯ್ಯದ್ ಮಸೀದಿಗೂ ಬೆಂಕಿ ಬಿತ್ತು. ಇವನು ಕೈರೋ ಸೇರಿ ಮತ್ತೆ ಖಾಜಿ ಆದ.

ಮಲ್ಲಿಗೆತೋಟ:
ನಾನು ಏನೂ ಒಪ್ಪಿಲ್ಲ, ನನ್ನ ಬಾಯಿಗೆ ಮಾತು ತುರುಕಬೇಡಿ. ಡಮಾಸ್ಕಸ್ ಕಾಯಬೇಕಾದ ಈಜಿಪ್ಟಿನ ಸುಲ್ತಾನನೇ ಊರು ಬಿಟ್ಟು ಕೈರೋಗೆ ವಾಪಸ್ ಹೋಗಿದ್ದ. 70ಕ್ಕೆ ಹತ್ತಿರದ ಮುದುಕ ಒಬ್ಬನೇ ಊರು ಉಳಿಸಬೇಕಿತ್ತಾ?

ಶರಾವತಿ:
ನಂಬುವ ಮಾತಿಗೆ ಬಂದರೆ, ಪ್ರವಾಸಿ ಇಬ್ನ್ ಬತೂತಾ ದೆಹಲಿ ಸುಲ್ತಾನನ ಕಥೆ ಹೇಳಿದಾಗ ಖಲ್ದೂನನಿಗೂ ನಂಬಿಕೆ ಬರಲಿಲ್ಲ. ಕಂಡಿಲ್ಲ ಅಂತ ಮಾತ್ರಕ್ಕೆ ತಳ್ಳಿಹಾಕಬೇಡ ಅಂತ ವಜೀರನೊಬ್ಬ ತಿದ್ದಿದ. ಇದನ್ನು ಮುಕದ್ದಿಮಾದಲ್ಲಿ ಅವನೇ ಬರೆದಿದ್ದಾನೆ. ಅದೇ ಬತೂತಾ ನಮ್ಮ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ ಕಂಡೆ ಅಂತ ಬರೆದವನು.

ಬಯಲುಸೀಮೆ:
ಹೊನ್ನಾವರ ಇಲ್ಲಿ ಯಾಕೆ? ತೈಮೂರ್ ವಿಷಯಕ್ಕೆ ಉತ್ತರ ಕೊಡಿ.

ಹಳೇಪುಟ:
ಅಬ್ಬಾಸಿಗಳಿಗೆ ಉತ್ತರ ನಾನು ಕೊಡುತ್ತೇನೆ. 945ರಲ್ಲಿ ಇರಾನ್ ಕಡೆಯ ಬುಯಿದ್ ವಂಶದವರು ಅಬ್ಬಾಸಿಗಳ ರಾಜಧಾನಿ ಬಾಗ್ದಾದ್ ಹಿಡಿದ ಮೇಲೆ ಖಲೀಫನಿಗೆ ಉಳಿದದ್ದು ಹೆಸರು ಮಾತ್ರ, ಆಮೇಲೆ ತುರ್ಕಿ ಸೆಲ್ಜುಕರು ಬಂದರು. ಮೇಲೆ ಬೀಳುವವರು ಇಲ್ಲದಿದ್ದರೆ ವಂಶ ಜಾಸ್ತಿ ದಿನ ಉಳಿಯಬಹುದು ಅಂತಲೂ ಖಲ್ದೂನ್ ಹೇಳಿದ್ದಾನೆ.

ಕಡಲಂಚು:
750ರಿಂದ 945 ಅಂದರೂ 195 ವರ್ಷ. ಮೇಲೆ ಬೀಳುವವರು ಇದ್ದರೆ 120, ಇಲ್ಲದಿದ್ದರೆ ಎಷ್ಟು ಬೇಕಾದರೂ ಅಂದರೆ ಅದನ್ನು ನಿಯಮ ಅಂತ ಯಾಕೆ ಕರೆಯುತ್ತೀರಿ?