ಉದ್ಯೋಗ ಮತ್ತು ಕುಟುಂಬದ ನಡುವಿನ ಸಂಘರ್ಷದ ಮಾಪನ: ಕನ್ನಡ ಪ್ರಶ್ನಾವಳಿಯಲ್ಲಿ ಎದುರಾದ ತೊಡಕು

ಪ್ರಶ್ನೆ (ಸಂಶೋಧನಾರ್ಥಿನಿ, ಮೈಸೂರು)

ಎಲ್ಲರಿಗೂ ನಮಸ್ಕಾರ. ಮಂಡ್ಯ ಜಿಲ್ಲೆಯ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಹೊಲಿಗೆ ಕೆಲಸ ಮಾಡುವ ವಿವಾಹಿತ ಮಹಿಳೆಯರು ಉದ್ಯೋಗ ಮತ್ತು ಕುಟುಂಬದ ಪಾತ್ರಗಳ ನಡುವೆ ಅನುಭವಿಸುವ ಸಂಘರ್ಷವನ್ನು ಅಳೆಯುವುದು ನನ್ನ ಪಿಎಚ್.ಡಿ. ಅಧ್ಯಯನದ ಉದ್ದೇಶ. ಇದಕ್ಕಾಗಿ ನೆಟ್‌ಮೇಯರ್, ಬೋಲ್ಸ್ ಮತ್ತು ಮೆಕ್‌ಮರಿಯನ್ ಅವರು 1996ರಲ್ಲಿ ಪ್ರಕಟಿಸಿದ ಮಾಪಕವನ್ನು ಕನ್ನಡಕ್ಕೆ ತಂದುಕೊಂಡೆ. ಅದರಲ್ಲಿ ಕೆಲಸದಿಂದ ಮನೆಗೆ ಆಗುವ ಅಡ್ಡಿಯ ಬಗ್ಗೆ ಐದು ಹೇಳಿಕೆಗಳೂ ಮನೆಯಿಂದ ಕೆಲಸಕ್ಕೆ ಆಗುವ ಅಡ್ಡಿಯ ಬಗ್ಗೆ ಐದು ಹೇಳಿಕೆಗಳೂ ಇವೆ; ಪ್ರತಿಯೊಂದಕ್ಕೂ ಏಳು ಹಂತಗಳ ಉತ್ತರವಿದೆ.

ಮದ್ದೂರಿನ ಹತ್ತಿರದ ಹಳ್ಳಿಯೊಂದರಲ್ಲಿ 20 ಮಂದಿಯನ್ನು ಪ್ರಾಯೋಗಿಕವಾಗಿ ಮಾತನಾಡಿಸಿದಾಗ ಹೆಚ್ಚಿನವರು ಎಲ್ಲ ಹೇಳಿಕೆಗಳಿಗೂ ‘ಒಪ್ಪುವುದಿಲ್ಲ’ ಎಂದೇ ಉತ್ತರಿಸಿದರು. ‘ಸಂಘರ್ಷ’ ಎಂಬ ಪದವನ್ನು ನಾನು ಓದುತ್ತಿದ್ದಂತೆ ಒಬ್ಬರು, “ನಮ್ಮನೇಲಿ ಅಂಥ ಜಗಳ ಏನೂ ಇಲ್ಲ ಕಣವ್ವ” ಎಂದರು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹಾಲು ಕರೆದು, ಅಡುಗೆ ಮುಗಿಸಿ, ಏಳೂವರೆಯ ವ್ಯಾನು ಹಿಡಿಯುವುದಾಗಿಯೂ, ಮಗುವಿಗೆ ಜ್ವರ ಬಂದ ದಿನ ಟಾರ್ಗೆಟ್ ಮುಗಿಯದ ಕಾರಣ ಪರ್ಮಿಷನ್ ಸಿಗಲಿಲ್ಲವೆಂದೂ ಅವರೇ ಸ್ವಲ್ಪ ಹೊತ್ತಿನ ಹಿಂದೆ ಹೇಳಿದ್ದರು. ಅವರ ಅಂಕ ಮಾತ್ರ ಹತ್ತಕ್ಕೆ ಹತ್ತೂ ಹೇಳಿಕೆಗಳಲ್ಲಿ ಅತ್ಯಂತ ಕಡಿಮೆ. ದೋಷ ಮಾಪಕದಲ್ಲಿದೆಯೇ, ನನ್ನ ಅನುವಾದದಲ್ಲಿದೆಯೇ?

ಉತ್ತರ (ಮನಶ್ಶಾಸ್ತ್ರ ಬೋಧಕ, ಮೈಸೂರು)

ಮೇಡಂ, ಮೊದಲು ಅನುವಾದವನ್ನೇ ನೋಡಿ. 1985ರಲ್ಲಿ ಗ್ರೀನ್‌ಹೌಸ್ ಮತ್ತು ಬ್ಯೂಟೆಲ್ ಎಂಬ ಸಂಶೋಧಕರು ಕೊಟ್ಟ ವಿವರಣೆಯ ಪ್ರಕಾರ ಸಂಘರ್ಷವೆಂದರೆ ಒಂದು ಪಾತ್ರದ ಒತ್ತಡದಿಂದಾಗಿ ಇನ್ನೊಂದು ಪಾತ್ರವನ್ನು ನಿರ್ವಹಿಸುವುದು ಕಷ್ಟವಾಗುವುದೇ ಹೊರತು ಮನೆಯವರೊಡನೆ ಆಗುವ ಜಗಳವಲ್ಲ. ಇದಕ್ಕೆ ಸಮಯ, ಆಯಾಸ ಮತ್ತು ಉದ್ವೇಗ, ನಡವಳಿಕೆ ಎಂಬ ಮೂರು ಮೂಲಗಳನ್ನು ಅವರು ಗುರುತಿಸಿದರು. ಆ ಪದ ನಿಮ್ಮ ಪ್ರಬಂಧದ ಶೀರ್ಷಿಕೆಯಲ್ಲಿರಲಿ, ಪ್ರಶ್ನಾವಳಿಯಲ್ಲಿ ಬೇಡ. ‘ಕೆಲಸದ ದೆಸೆಯಿಂದ ಮನೆಯಲ್ಲಿ ಮಾಡಬೇಕೆಂದುಕೊಂಡದ್ದು ಉಳಿದುಹೋಗುತ್ತದೆ’ ಎಂದು ಕೇಳಿದರೆ ಅರ್ಥ ಉಳಿಯುತ್ತದೆ, ಜಗಳದ ನೆರಳು ಬೀಳುವುದಿಲ್ಲ.

ಮೂಲವನ್ನು ನೋಡದ ಇನ್ನೊಬ್ಬರಿಂದ ನಿಮ್ಮ ಕನ್ನಡವನ್ನು ಇಂಗ್ಲಿಷಿಗೆ ಮರುಅನುವಾದ ಮಾಡಿಸುವುದು ಅಗತ್ಯ, ಆದರೆ ಅಷ್ಟೇ ಸಾಲದು. ‘ಸಂಘರ್ಷ’ವನ್ನು ಅವರು ಸರಿಯಾಗಿಯೇ ಇಂಗ್ಲಿಷಿಗೆ ತಂದುಬಿಡುತ್ತಾರೆ, ತೊಡಕು ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಎಂಟು ಹತ್ತು ಮಂದಿಗೆ ಒಂದೊಂದು ಹೇಳಿಕೆಯನ್ನೂ ಓದಿ ಹೇಳಿ, ಅವರಿಗೆ ಏನು ಅರ್ಥವಾಯಿತೆಂದು ಅವರ ಮಾತಿನಲ್ಲೇ ಹೇಳಿಸಿ. ಎರಡು ದಿಕ್ಕಿನ ಅಂಕಗಳನ್ನು ಕೂಡಿ ಒಂದೇ ಮೊತ್ತ ಮಾಡಬೇಡಿ, ಏಕೆಂದರೆ ಅವುಗಳ ಕಾರಣಗಳೂ ಪರಿಣಾಮಗಳೂ ಬೇರೆಬೇರೆ. ಹೇಳಿಕೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದನ್ನು ತೋರಿಸುವ ಕ್ರಾನ್‌ಬಾಕ್ ಆಲ್ಫಾ 0.70 ದಾಟಿತೆಂದು ಸಮಾಧಾನಪಡಲೂ ಬೇಡಿ. ಒಬ್ಬೊಬ್ಬರು ಒಂದೊಂದು ಉತ್ತರವನ್ನೇ ಹತ್ತಕ್ಕೂ ಹಾಕಿ ಮುಗಿಸಿದರೂ ಆಲ್ಫಾ ಏರುತ್ತದೆ.

ಉತ್ತರ (ಹಿಂದೆ ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್, ಮದ್ದೂರು)

ಮೇಡಂ, ನೀವು ಪ್ರಶ್ನೆ ಕೇಳುವಾಗ ಪಕ್ಕದಲ್ಲಿ ಯಾರಿದ್ದರು ಎಂಬುದನ್ನು ಬರೆದಿಲ್ಲ. ಅತ್ತೆ ಜಗುಲಿಯ ಮೇಲೆ ಕುಳಿತಿರುವಾಗ ‘ಮನೆ ಕೆಲಸದಿಂದ ನನಗೆ ಅಡ್ಡಿಯಾಗುತ್ತಿದೆ’ ಎಂದು ಯಾವ ಸೊಸೆಯೂ ಹೇಳಲಾರಳು. ಕಾರ್ಖಾನೆಯ ಆವರಣದಲ್ಲಿ ಕೇಳಿದರೆ ಕೆಲಸದ ಬಗ್ಗೆಯೂ ಹೇಳಲಾರಳು.

ಇನ್ನೊಂದು ಮಾತು ನನಗೆ ಬಹಳ ಮುಖ್ಯವೆನಿಸುತ್ತದೆ. ನನ್ನ ಲೈನಿನಲ್ಲಿ ರೇಷ್ಮೆ ಸಾಕುವ ಮನೆಯ ಹೆಣ್ಣುಮಗಳೊಬ್ಬಳಿದ್ದಳು. ಹುಳು ಹಣ್ಣಾದ ದಿನ, ಅಂದರೆ ಗೂಡು ಕಟ್ಟಲು ಸಿದ್ಧವಾದ ದಿನ, ಅದನ್ನು ಆರಿಸಿ ಗೂಡು ಕಟ್ಟಿಸುವ ಚಂದ್ರಂಕಿಗೆ ಬಿಡಲೇಬೇಕು, ನಾಳೆ ಎನ್ನುವಂತಿಲ್ಲ. ಅಂದು ಅವಳು ರಜೆ ಹಾಕುತ್ತಿದ್ದಳು. ರಿಜಿಸ್ಟರಿನಲ್ಲಿ ನಾನು ‘ಮನೆ ಕಾರಣ’ ಎಂದು ಬರೆಯುತ್ತಿದ್ದೆ. ಈಗ ಯೋಚಿಸಿದರೆ ಅದು ತಪ್ಪು. ಗೂಡು ಮಾರಿದ ಹಣದಿಂದಲೇ ಆ ಸಂಸಾರ ನಡೆಯುತ್ತಿತ್ತು, ಅದೂ ದುಡಿಮೆಯೇ. ನಿಮ್ಮ ಮಾಪಕದಲ್ಲಿ ಅವಳನ್ನು ಯಾವ ಕಡೆಗೆ ಸೇರಿಸುತ್ತೀರಿ?

ಉತ್ತರ (ಅರ್ಥಶಾಸ್ತ್ರ ಉಪನ್ಯಾಸಕಿ, ಮಂಡ್ಯ)

ಮೇಲಿನ ಪ್ರಶ್ನೆಗೆ ನನ್ನ ಉತ್ತರ: ಎರಡೂ ಕಡೆಗೆ ಸೇರಿಸದೆ, ‘ಜಮೀನು, ಹಸು, ರೇಷ್ಮೆ’ ಎಂದು ಪ್ರತ್ಯೇಕವಾಗಿ ಎರಡು ಮೂರು ಹೇಳಿಕೆಗಳನ್ನು ಬರೆದು, ಅವುಗಳ ಅಂಕವನ್ನು ಮೂಲ ಹತ್ತರೊಂದಿಗೆ ಬೆರೆಸದೆ ಇಟ್ಟುಕೊಳ್ಳುವುದು ಲೇಸು. ಹಿಂದಿನ ದಿನ ಎದ್ದಾಗಿನಿಂದ ಮಲಗುವವರೆಗಿನ ಕೆಲಸಗಳ ಪಟ್ಟಿಯನ್ನೂ ಮಾಡಿಸಿ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಪುರುಷರು 97 ನಿಮಿಷಗಳನ್ನೂ ಕಳೆಯುತ್ತಿದ್ದರು. ಆದರೆ ಹೊರೆ ಬೇರೆ, ಸಂಘರ್ಷ ಬೇರೆ. ನಾಲ್ಕೂವರೆಗೆ ಏಳುವುದು ಹೊರೆ. ಜ್ವರ ಬಂದ ಮಗುವಿನ ಬಳಿಗೆ ಹೋಗಲಾಗದೆ ಮೆಷಿನ್ ಮುಂದೆ ಕುಳಿತಿರುವುದು ಸಂಘರ್ಷ. ನಿಮ್ಮ ಅಧ್ಯಯನಕ್ಕೆ ಬೇಕಾದದ್ದು ಎರಡನೆಯದು.

ಪ್ರಶ್ನೆ ಕೇಳಿದವರಿಂದ

ತಮ್ಮೆಲ್ಲರಿಗೂ ಕೃತಜ್ಞತೆಗಳು. ಆ 20 ಸಂದರ್ಶನಗಳಲ್ಲಿ 14 ಮನೆಯವರ ಎದುರಿನಲ್ಲೇ ನಡೆದಿದ್ದವು ಎಂಬುದು ಟಿಪ್ಪಣಿ ಪುಸ್ತಕ ತೆರೆದಾಗ ತಿಳಿಯಿತು. ಆ ಅಂಕಗಳನ್ನು ಕೈಬಿಟ್ಟಿದ್ದೇನೆ. ಹೇಳಿಕೆಗಳನ್ನು ತಿದ್ದಿ, ಭಾನುವಾರ ನಾಲೆಯ ಬಳಿ ಬಟ್ಟೆ ಒಗೆಯಲು ಬಂದಿದ್ದ ಇಬ್ಬರಿಗೆ ಓದಿ ಹೇಳಿದೆ. ‘ಕೆಲಸದ ದೆಸೆಯಿಂದ ಉಳಿದುಹೋಗುತ್ತದೆ’ ಎಂಬುದನ್ನು ಕೇಳಿ ಒಬ್ಬರು ಕೈಯಲ್ಲಿದ್ದ ಬಟ್ಟೆಯನ್ನು ಕಲ್ಲಿನ ಮೇಲಿಟ್ಟು, “ಮಗೀನ ಸ್ಕೂಲ್ ಮೀಟಿಂಗಿಗೆ ಒಂದ್ ಸಲಾನೂ ಹೋಗಿಲ್ಲ, ಅದನ್ನ ಬರ್ಕೊಳ್ಳಿ” ಎಂದರು.