ಬಾಸೆಲ್ ಮಿಷನ್‌ನವರು ಹೆಂಚು ಮಾಡಿದ್ದು ಯಾಕೆ?

ತೀರ್ಥಹಳ್ಳಿ_ತೋಟದಮನೆ:
ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವಾಗ ನೋಡಿದೆ, ಹಳೇ ಹೆಂಚಿನ ಅಡಿಯಲ್ಲಿ ‘ಬಾಸೆಲ್ ಮಿಷನ್’ ಅಂತ ಇಂಗ್ಲಿಷಿನಲ್ಲಿ ಅಚ್ಚು ಇದೆ. ಮಂಗ ಹಾರಿದ ಕಡೆ ಬಿಟ್ಟರೆ ಒಂದೂ ಒಡೆದಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಕ್ರೈಸ್ತ ಧರ್ಮ ಸಾರಲು ಬಂದವರಿಗೆ ಹೆಂಚಿನ ಕಾರ್ಖಾನೆ ಯಾಕೆ ಬೇಕಾಯ್ತು? ಲಾಭಕ್ಕೋ, ಮತಾಂತರಕ್ಕೋ? ನಮ್ಮ ಜಗಲಿಯಲ್ಲಿ ಈ ವಾದ ಮುಗಿಯುತ್ತಿಲ್ಲ.

ಸಾಗರದ_ಮೇಷ್ಟ್ರು:
ಮೊದಲ ಕಾರಣ ಹೊಟ್ಟೆಪಾಡು ಮಾರಾಯ್ರೇ. ಮಿಷನ್ ಮಂಗಳೂರಿಗೆ ಬಂದಿದ್ದು 1834ರಲ್ಲಿ, ಅಲ್ಲಿನ ಜೆಪ್ಪುವಿನಲ್ಲಿ ಮಿಷನ್‌ನ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ನಡುವಿನ ವರ್ಷಗಳನ್ನು ನೋಡಿ. ಕ್ರೈಸ್ತನಾದವನಿಗೆ ಜಾತಿಯಿಂದ ಬಹಿಷ್ಕಾರ. ಕೂಡುಕುಟುಂಬದ ಆಸರೆ, ಊರಿನ ಕೆಲಸ ಎಲ್ಲ ಒಟ್ಟಿಗೇ ತಪ್ಪುತ್ತಿತ್ತು. 1850ರ ಕಾಯ್ದೆ ಮತ ಬಿಟ್ಟವನ ಆಸ್ತಿ ಹಕ್ಕು ಉಳಿಸಿತು, ನಿಜ. ಆದರೆ ಆಸ್ತಿಯೇ ಇಲ್ಲದವನಿಗೆ ಅದರಿಂದ ಏನು ಬಂತು? ಕರಾವಳಿಯಲ್ಲಿ ಮತಾಂತರಗೊಂಡವರಲ್ಲಿ ಬಿಲ್ಲವರು ಬಹಳ. ಅವರು ಕಳ್ಳು ಇಳಿಸುವುದು ಮಿಷನ್‌ಗೆ ಒಪ್ಪಿಗೆ ಇರಲಿಲ್ಲ. ಕಸುಬು ಬಿಡಿಸಿದ ಮೇಲೆ ಬೇರೆ ಕಸುಬು ಕೊಡಲೇಬೇಕಲ್ಲ! ಹಾಗೆ ಮುದ್ರಣ, ನೇಯ್ಗೆ, ಕೊನೆಗೆ ಹೆಂಚು ಬಂತು.

ಹೆಂಚು ಗೆದ್ದಿದ್ದಕ್ಕೆ ಕಾರಣ ನಿಮ್ಮ ಮಾಡಿನ ಮೇಲೇ ಇದೆ. ನಾಡಹೆಂಚನ್ನು ಒಂದರ ಮೇಲೊಂದು ಒತ್ತಾಗಿ ಹೊದಿಸಬೇಕು, ಭಾರ ಜಾಸ್ತಿ. ಮಂಗಳೂರು ಹೆಂಚಿನ ಅಂಚಿನ ತೋಡು ಪಕ್ಕದ ಹೆಂಚಿಗೆ ಕಚ್ಚಿಕೊಳ್ಳುತ್ತದೆ, ಹಿಂದಿನ ಮೂತಿ ರೀಪಿಗೆ ಸಿಕ್ಕಿಕೊಳ್ಳುತ್ತದೆ. ಆಗುಂಬೆ ಕಡೆಯ ಗಾಳಿಮಳೆಗೆ ಅದಕ್ಕಿಂತ ಬೇಕೇ? ನೇತ್ರಾವತಿ ದಡದ ಜೇಡಿಮಣ್ಣೂ ಕೈಗೆಟುಕುವಂತಿತ್ತು.

ಶಿವಮೊಗ್ಗ_ಓದುಗಿ:
ಮೇಷ್ಟ್ರೇ, ಒಪ್ಪಿದೆ. ಆದರೆ ಲಾಭದ ಮಾತನ್ನು ಅಷ್ಟು ಸುಲಭಕ್ಕೆ ಬಿಡಬೇಡಿ. 1859ರಲ್ಲೇ ಬಾಸೆಲ್‌ನಲ್ಲಿ ಷೇರುದಾರರ ವ್ಯಾಪಾರ ಕಂಪನಿ ಹುಟ್ಟಿತ್ತು. ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ: ಕೂಲಿ ಕೊಡುವವರೂ ಮಿಷನ್, ಚರ್ಚ್ ಸಭೆಯ ಶಿಸ್ತು ನೋಡುವವರೂ ಮಿಷನ್. ಹಾಗಿರುವಾಗ ಪಾದ್ರಿಗಳ ಎದುರು ದನಿ ಎತ್ತಲು ಕೆಲಸಗಾರನಿಗೆ ಎಷ್ಟು ಧೈರ್ಯ ಬೇಕು! ಜಮೀನ್ದಾರನ ಹಂಗು ತಪ್ಪಿಸಿಕೊಂಡು ಬಂದವನಿಗೆ ಇಲ್ಲಿ ಇನ್ನೊಂದು ಹಂಗು.

ಸಾಗರದ_ಮೇಷ್ಟ್ರು:
ಹೌದು, ಆ ಹಂಗು ಇತ್ತು. ಆದರೂ ತಿಂಗಳ ಕೂಲಿ, ಓದು, ಕೈಗೊಂದು ಕಸುಬು ಸಿಕ್ಕಿದ್ದು ಸಣ್ಣ ಮಾತಲ್ಲ. ಮೊದಲ ಮಹಾಯುದ್ಧದಲ್ಲಿ ಮಿಷನ್‌ನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷರು ಹಿಡಿದಿಟ್ಟರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಆಗಲೂ ಕಸುಬು ಕಲಿತವರ ಕೈಯಲ್ಲಿ ಕಸುಬು ಉಳಿಯಿತು.